ಉಕ್ಕಿಗೆ ತೊಗಲಿನ ಅಂಗಿ: ಸಣ್ಣ ರಿವಾಲ್ವರಿಗೆ ಹೋಲ್‌ಸ್ಟರ್ ಆರಿಸುವುದು, ಮಳೆಗಾಲದಲ್ಲಿ ಕಾಪಾಡುವುದು

ದೊಡ್ಡಪ್ಪನ ಬೀರುವಿನಿಂದ ಆ ಹೋಲ್‌ಸ್ಟರ್ ಹೊರತೆಗೆದಾಗ ಅದರ ಬಣ್ಣ ಕಂದೋ ಹಸಿರೋ ಹೇಳಲಾಗುತ್ತಿರಲಿಲ್ಲ. ಸೋಮವಾರಪೇಟೆ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಆಗಸ್ಟ್ ಕೊನೆಗೆ ಸ್ವಲ್ಪ ಬಿಡುವು ಕೊಟ್ಟಿತ್ತು. ಅಲ್ಲಿಯವರೆಗೆ ಬೀರುವಿನ ಬಾಗಿಲು ಯಾರೂ ತೆಗೆದಿರಲಿಲ್ಲ. ಬೂಷ್ಟು ಹಿಡಿದ ಚರ್ಮದೊಳಗಿಂದ ರಿವಾಲ್ವರ್ ಎಳೆದರೆ, ನಳಿಗೆಯ ಮೇಲೆ, ತೋಟೆ ತುಂಬುವ ಸಿಲಿಂಡರಿನ ಉಬ್ಬಿನ ಮೇಲೆ, ಎಲ್ಲೆಲ್ಲಿ ಚರ್ಮ ಒತ್ತಿತ್ತೋ ಅಲ್ಲೆಲ್ಲ ಕೆಂಪು ತುಕ್ಕಿನ ಚುಕ್ಕೆ. ಚರ್ಮ ಮುಟ್ಟದ ಹಿಡಿಯ ಹತ್ತಿರ ಉಕ್ಕು ಮಾತ್ರ ಹೊಸದರ ಹಾಗೇ ಇತ್ತು. ಬೆಲ್ಟಿನ ಕುಣಿಕೆಗಳಲ್ಲಿ ಸಿಕ್ಕಿಸಿಟ್ಟ ಆರು ತೋಟೆಗಳ ಹಿತ್ತಾಳೆಗೆ ಹಸಿರು ಕಿಲುಬು ಕಟ್ಟಿತ್ತು.

"ಎಣ್ಣೆ ಹಚ್ಚಿಯೇ ಇಟ್ಟಿದ್ದೆನಲ್ಲೋ" ಎಂದರು ದೊಡ್ಡಪ್ಪ.

ಹಚ್ಚಿದ್ದು ಸುಳ್ಳಲ್ಲ. ಆ ಎಣ್ಣೆಯನ್ನು ಚರ್ಮ ಕುಡಿದಿತ್ತು, ಅಷ್ಟೇ. ಎಷ್ಟೇ ಹದ ಮಾಡಿದರೂ ಚರ್ಮ ತೊಗಲೇ. ನಾರುಗಳ ಹೆಣಿಗೆ, ನಾರುಗಳ ನಡುವೆಲ್ಲ ಸಂದು. ಗಾಳಿಯಲ್ಲಿ ತೇವ ಏರಿದರೆ ಹೀರಿಕೊಳ್ಳುತ್ತದೆ, ಇಳಿದರೆ ಬಿಟ್ಟುಕೊಡುತ್ತದೆ. ಹದ ಮಾಡುವಾಗ ಒಳಗೆ ಉಳಿದುಹೋದ ಆಮ್ಲ, ಉಪ್ಪಿನ ಅಂಶಗಳು ಆ ತೇವದಲ್ಲಿ ಕರಗಿ ಉಕ್ಕಿಗೆ ಅಂಟಿಕೊಂಡು ಕೂರುತ್ತವೆ. ತೋಟೆಯ ಹಿತ್ತಾಳೆಯಲ್ಲಿರುವ ತಾಮ್ರಕ್ಕೆ ಚರ್ಮದ ಆಮ್ಲ, ಜಿಡ್ಡು ತಾಗಿದರೆ ಕಿಲುಬು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಉಳಿಸಿದರೆ ಆಗುವುದೂ ಇದೇ ಜಾತಿಯ ಕೆಲಸ.

ಹೋಲ್‌ಸ್ಟರ್ ಎನ್ನುವುದು ರಿವಾಲ್ವರ್ ಹೊರಗೆ ಹೊರಟಾಗ ತೊಡಿಸುವ ಅಂಗಿ. ಮನೆಗೆ ಬಂದ ಮೇಲೆ ಬಿಚ್ಚಬೇಕು. ಅಂಗಡಿಯಲ್ಲಿ ಮಾರುವವರು ಈ ಮಾತು ಹೇಳುವುದಿಲ್ಲ, ಕೊಳ್ಳುವವರಿಗೆ ಕೇಳಲು ತೋಚುವುದಿಲ್ಲ. ಆರಿಸುವ ವಿಚಾರಕ್ಕೆ ಹೋಗುವ ಮೊದಲೇ ಇದನ್ನು ಹೇಳಿಬಿಟ್ಟಿದ್ದೇನೆ, ಯಾಕೆಂದರೆ ಎಷ್ಟು ಒಳ್ಳೆಯ ಚರ್ಮ ಕೊಂಡರೂ ಇದೊಂದು ತಪ್ಪು ಅದನ್ನು ದಂಡ ಮಾಡುತ್ತದೆ.

ಕಾನೂನು ಹೋಲ್‌ಸ್ಟರ್ ಬಗ್ಗೆಯೂ ಮಾತಾಡುತ್ತದೆ

ನಮ್ಮಲ್ಲಿ ರಿವಾಲ್ವರ್ ಇಟ್ಟುಕೊಂಡವರು ಕಡಿಮೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಕೊಡಗಿನದು ಬೇರೆ ಕಥೆ: ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಪಿಸ್ತೂಲು, ರಿವಾಲ್ವರ್, ಜೋಡುನಳಿಗೆ ಕೋವಿಗೆ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಇರಲಿ ಪರವಾನಗಿ ಇರಲಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಗೆ ಹೋಗುವಾಗ ಬೇರೊಂದು ನಿಯಮ ಎದುರಾಗುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಒಯ್ಯುವುದಾದರೆ ಅದು ಹೋಲ್‌ಸ್ಟರಿನಲ್ಲೋ ಅದಕ್ಕೆಂದೇ ಮಾಡಿದ ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು. 'ಪೂರ್ತಿ ಮುಚ್ಚಿರಬೇಕು' ಎನ್ನುವುದನ್ನು ಅಡಿಗೆರೆ ಹಾಕಿ ಓದಿ. ಅಮೆರಿಕದ ವೀಡಿಯೋಗಳಲ್ಲಿ ಕಾಣುವ, ಹಿಡಿ ಹೊರಗೆ ಇಣುಕುವ ತೆರೆದ ಬಾಯಿಯ ಹೋಲ್‌ಸ್ಟರನ್ನು ಅಂಗಿಯ ಮೇಲೆ ಕಟ್ಟಿಕೊಂಡು ಸಂತೆಗೆ ಹೋದರೆ ಅದು ನಿಯಮಕ್ಕೆ ಹೊಂದುವುದಿಲ್ಲ. ಒಂದೋ ಮೇಲೆ ಮುಚ್ಚಳವಿರುವ ಹೋಲ್‌ಸ್ಟರ್, ಇಲ್ಲವೇ ಮೇಲಿಂದ ಉದ್ದನೆಯ ಅಂಗಿ ಅಥವಾ ಜಾಕೀಟು. ಈ ಒಂದು ಮಾತಿಗೇ ಅಂಗಡಿಯ ಅರ್ಧ ಮಾಲು ಪಕ್ಕಕ್ಕೆ ಸರಿಯುತ್ತದೆ.

ಯಾವ ರಿವಾಲ್ವರ್ ಎಂಬುದೇ ಮೊದಲ ಪ್ರಶ್ನೆ

'ಸಣ್ಣ ರಿವಾಲ್ವರಿಗೆ ಒಂದು ಹೋಲ್‌ಸ್ಟರ್ ಕೊಡಿ' ಎಂದು ಕೇಳುವುದೂ, ಅಳತೆ ಹೇಳದೆ 'ಒಂದು ಜೊತೆ ಚಪ್ಪಲಿ ಕೊಡಿ' ಎನ್ನುವುದೂ ಒಂದೇ.

ಭಾರತದಲ್ಲಿ ನಾಗರಿಕರ ಕೈಯಲ್ಲಿ ಹೆಚ್ಚು ಕಾಣುವುದು ಪಾಯಿಂಟ್ 32 ಅಳತೆಯ ತೋಟೆ ಹಾಕುವ ರಿವಾಲ್ವರ್. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹಳೆಯ ಮಾದರಿಗೆ ಬ್ರಿಟಿಷರ ವೆಬ್ಲಿ ರಿವಾಲ್ವರಿನ ಮೈಕಟ್ಟು: ಆರು ತೋಟೆ, ಮೂರು ಇಂಚಿನ ನಳಿಗೆ, ತೂಕ 700 ಗ್ರಾಂ ಆಸುಪಾಸು. ಜೋಡುನಳಿಗೆ ಕೋವಿಯನ್ನು ಮುರಿದು ತೋಟೆ ತುಂಬುವ ಹಾಗೆ ಇದನ್ನೂ ಮುರಿದು ತೆರೆಯಬೇಕು. 2014ರಲ್ಲಿ ಬಂದ 'ನಿರ್ಭೀಕ್' ಟೈಟಾನಿಯಂ ಮಿಶ್ರಲೋಹದ್ದು, ಅರ್ಧ ಕೆ.ಜಿ. ತೂಗುತ್ತದೆ. 2023ರಲ್ಲಿ ಬಂದ 'ಪ್ರಬಲ್'ನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಇನ್ನು ಹೊರಗಿನ ಪುಸ್ತಕ, ವೀಡಿಯೋಗಳಲ್ಲಿ 'ಸಣ್ಣ ರಿವಾಲ್ವರ್' ಎಂದರೆ ಬಹುಪಾಲು ಸ್ಮಿತ್ ಅಂಡ್ ವೆಸನ್ ಕಂಪನಿಯ ಜೆ-ಫ್ರೇಮ್: 1950ರಲ್ಲಿ ಶುರುವಾದದ್ದು, ಹೆಚ್ಚಿನವಕ್ಕೆ ಐದೇ ತೋಟೆ, ನಳಿಗೆ ಎರಡು ಇಂಚಿನ ಆಸುಪಾಸು.

ಹೊರದೇಶದಿಂದ ತರಿಸಿದ ಒಳ್ಳೆಯ ಹೋಲ್‌ಸ್ಟರ್ ಈ ಜೆ-ಫ್ರೇಮ್ ಅಳತೆಯದಾಗಿದ್ದರೆ ಕಾನ್ಪುರದ ರಿವಾಲ್ವರ್ ಅದರಲ್ಲಿ ಕೂರುವುದಿಲ್ಲ. ಕೂತರೂ ಮುಂದಿನ ಗುರಿಕಡ್ಡಿ ಒಳಗಿನ ಚರ್ಮವನ್ನು ಕೆರೆಯುತ್ತದೆ. ಹಿಂಬದಿಯ ಪಟ್ಟಿ ಹ್ಯಾಮರಿನ (ತೋಟೆಗೆ ಬಡಿಯುವ ಸುತ್ತಿಗೆಯ) ಮೇಲೆ ಹಾಯುವ ಬದಲು ರಿವಾಲ್ವರ್ ಮುರಿಯುವ ಕೊಂಡಿಯ ಮೇಲೆ ಬಂದು ಕೂರುತ್ತದೆ. ಎಳೆಯುವಾಗ ಪಟ್ಟಿ ಆ ಕೊಂಡಿಗೆ ಸಿಕ್ಕಿಕೊಂಡರೆ ರಿವಾಲ್ವರೇ ಬಾಯಿ ಬಿಡಬಹುದು. ಆದ್ದರಿಂದ ಹೋಲ್‌ಸ್ಟರ್ ಆರಿಸುವಾಗ ಮಾದರಿಯ ಹೆಸರು, ನಳಿಗೆಯ ಉದ್ದ, ತೆರೆಯುವ ರೀತಿ ಮೂರೂ ಗೊತ್ತಿರಬೇಕು.

ಗಿಡ್ಡ ನಳಿಗೆಯಲ್ಲಿ ಇನ್ನೊಂದು ಕಿತಾಪತಿ ಇದೆ. ರಿವಾಲ್ವರಿನ ಭಾರವೆಲ್ಲ ಸಿಲಿಂಡರಿನಲ್ಲೂ ಹಿಡಿಯಲ್ಲೂ ಇರುತ್ತದೆ. ನಳಿಗೆ ಗಿಡ್ಡವಾದಷ್ಟೂ ಬೆಲ್ಟಿಗಿಂತ ಕೆಳಗಿರುವ ಭಾಗ ಹಗುರ, ಮೇಲಿರುವ ಭಾಗ ಭಾರ. ಹೋಲ್‌ಸ್ಟರ್ ತೀರಾ ಎತ್ತರದಲ್ಲಿ ಕೂತರೆ ಹಿಡಿ ಹೊರಕ್ಕೆ ವಾಲುತ್ತದೆ, ತಲೆಭಾರದ ಬಿಂದಿಗೆ ಕಂಕುಳಲ್ಲಿ ವಾಲುವ ಹಾಗೆ. ಗೊತ್ತಿರುವ ಕುಶಲಕರ್ಮಿ ಎರಡು ಇಂಚಿನ ನಳಿಗೆಗೂ ಹೋಲ್‌ಸ್ಟರಿನ ಕೆಳಭಾಗವನ್ನು ಸ್ವಲ್ಪ ಉದ್ದವೇ ಬಿಡುತ್ತಾನೆ. ಖಾಲಿ ಕಾಣುವ ಆ ಅರ್ಧ ಇಂಚು ಸೊಂಟಕ್ಕೆ ಒತ್ತಿ ಹಿಡಿಯನ್ನು ನೆಟ್ಟಗೆ ನಿಲ್ಲಿಸುತ್ತದೆ.

ಚರ್ಮ ನೋಡುವ ಬಗೆ

ಚರ್ಮ ಹದ ಮಾಡುವುದಕ್ಕೆ ಇಂದು ಎರಡು ದಾರಿ ಮುಖ್ಯ. ಒಂದು ಕ್ರೋಮಿಯಂ ಲವಣದ್ದು: ಬೇಗ ಆಗುತ್ತದೆ, ಚರ್ಮ ಮೆತ್ತಗಿರುತ್ತದೆ. ಶೂಗಳ ಮೇಲ್ಭಾಗ, ಪರ್ಸು, ಜಾಕೀಟು ಹೆಚ್ಚಿನವು ಇದರದೇ. ಇನ್ನೊಂದು ಮರದ ತೊಗಟೆ, ಕಾಯಿಗಳದ್ದು: ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ. ವಾರಗಟ್ಟಲೆ ಹಿಡಿಯುತ್ತದೆ, ಚರ್ಮ ಗಟ್ಟಿಯಾಗಿ ನಿಲ್ಲುತ್ತದೆ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯ ಅಟ್ಟೆ ಮುಟ್ಟಿ ನೋಡಿದವರಿಗೆ ಈ ಎರಡನೆಯ ಚರ್ಮ ಹೇಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಮಹಾರಾಷ್ಟ್ರ, ಕರ್ನಾಟಕ ಎರಡಕ್ಕೂ ಸೇರಿ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಚಪ್ಪಲಿ ಅದು.

ಹೋಲ್‌ಸ್ಟರಿಗೆ ಬೇಕಾದದ್ದು ತೊಗಟೆಯ ಚರ್ಮವೇ. ಕಾರಣ ಎರಡು. ಕ್ರೋಮ್ ಚರ್ಮದಲ್ಲಿ ಉಳಿಯುವ ಲವಣಗಳು ಉಕ್ಕಿಗೆ ಹೆಚ್ಚು ತೊಂದರೆ. ಅದಕ್ಕಿಂತ ಮುಖ್ಯವಾಗಿ, ತೊಗಟೆ ಚರ್ಮವನ್ನು ನೀರಿನಲ್ಲಿ ನೆನೆಸಿ ಒತ್ತಿದರೆ ಒತ್ತಿದ ಆಕಾರವನ್ನು ಒಣಗಿದ ಮೇಲೂ ಬಿಡುವುದಿಲ್ಲ. ಹೋಲ್‌ಸ್ಟರ್ ಮಾಡುವುದೇ ಹಾಗೆ: ಒದ್ದೆ ಚರ್ಮದೊಳಗೆ ರಿವಾಲ್ವರಿನ ಅಚ್ಚು ತೂರಿಸಿ, ಸಿಲಿಂಡರಿನ ಉಬ್ಬು, ಟ್ರಿಗರಿನ ಬಳೆ ಮೂಡುವವರೆಗೆ ನಯವಾದ ಮೂಳೆ ತುಂಡಿನಿಂದಲೋ ಕಡ್ಡಿಯಿಂದಲೋ ತೀಡುತ್ತಾರೆ. ಒಣಗಿದ ಮೇಲೆ ಆ ಉಬ್ಬು ತಗ್ಗುಗಳೇ ರಿವಾಲ್ವರನ್ನು ಹಿಡಿದಿಡುತ್ತವೆ, ಗುಂಡಿ ಪಟ್ಟಿ ಆಮೇಲಿನ ಮಾತು. ಕ್ರೋಮ್ ಚರ್ಮ ಹೀಗೆ ಆಕಾರ ಹಿಡಿಯುವುದಿಲ್ಲ, ಚೀಲವಾಗಿಯೇ ಉಳಿಯುತ್ತದೆ.

ದಪ್ಪದ ಲೆಕ್ಕ ಔನ್ಸಿನಲ್ಲಿ ಹೇಳುತ್ತಾರೆ. ಚರ್ಮದ ಒಂದು ಔನ್ಸ್ ಎಂದರೆ ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿ.ಮೀ. ಸಣ್ಣ ರಿವಾಲ್ವರಿಗೆ 7ರಿಂದ 8 ಔನ್ಸ್, ಅಂದರೆ ಮೂರು ಮಿ.ಮೀ. ಹತ್ತಿರ ಇದ್ದರೆ ಸರಿ. ಅದಕ್ಕಿಂತ ತೆಳುವಾದರೆ ಬಾಯಿ ಕುಸಿಯುತ್ತದೆ, ದಪ್ಪವಾದರೆ ಉಬ್ಬು ಮೂಡುವುದಿಲ್ಲ.

ಅಂಗಡಿಯಲ್ಲಿ ಇದನ್ನೆಲ್ಲ ಹೇಗೆ ಪತ್ತೆ ಹಚ್ಚುವುದು? ಮೇಲ್ಮೈ ನೋಡಬೇಡಿ, ಅಂಚು ನೋಡಿ. ಒಳ್ಳೆಯ ಚರ್ಮದ ಅಂಚಿನಲ್ಲಿ ನಾರು ಒತ್ತಾಗಿ, ಒಂದೇ ಬಣ್ಣದಲ್ಲಿ ಕಾಣುತ್ತದೆ. ಉಜ್ಜಿ ಉಜ್ಜಿ ನಯ ಮಾಡಿದ್ದರೆ ಗಾಜಿನ ಹಾಗಿರುತ್ತದೆ. ಅಂಚಿಗೆ ದಪ್ಪನೆಯ ಬಣ್ಣ ಬಳಿದಿದ್ದರೆ ಒಳಗೇನೋ ಮುಚ್ಚಿಡುತ್ತಿದ್ದಾರೆಂದೇ ತಿಳಿಯಿರಿ. ಚೂರು ಚರ್ಮ ಅಂಟಿಸಿ ಮೇಲೆ ಪ್ಲಾಸ್ಟಿಕ್ ಪದರ ಎಳೆದದ್ದೂ 'ಶುದ್ಧ ಲೆದರ್' ಚೀಟಿ ಹಚ್ಚಿಕೊಂಡು ಕೂತಿರುತ್ತದೆ. ಬಣ್ಣ, ಮೇಣ ಹಚ್ಚದ ಒಳಮೈಗೆ ಒಂದು ಹನಿ ನೀರು ಬಿಟ್ಟು ನೋಡಿ: ತೊಗಟೆ ಚರ್ಮ ಅದನ್ನು ಹೀರಿ ಕಪ್ಪಗಾಗುತ್ತದೆ.

ಒಳಗೆ ಮಕಮಲ್ಲಿನಂಥ ಮೆತ್ತನೆಯ ಅಸ್ತರಿ ಇದ್ದರೆ ಕೈಗೆ ಹಿತ, ಕಣ್ಣಿಗೂ ಚಂದ. ನಮ್ಮ ಹವೆಗೆ ಮಾತ್ರ ಅದು ಶತ್ರು. ತೇವವನ್ನೂ ತೋಟದ ಕೆಂಪು ಧೂಳನ್ನೂ ಹಿಡಿದಿಟ್ಟುಕೊಂಡು ತುಕ್ಕು ತಡೆಯಲೆಂದು ರಿವಾಲ್ವರಿನ ಉಕ್ಕಿಗೆ ಕೊಟ್ಟ ನೀಲಿ ಬಣ್ಣವನ್ನು ಮರಳು ಕಾಗದದ ಹಾಗೆ ತಿನ್ನುತ್ತದೆ. ಅಸ್ತರಿ ಬೇಡ. ಬೇಕೇಬೇಕೆಂದರೆ ನಯವಾದ ಚರ್ಮದ್ದೇ ಇರಲಿ.

ಹೊಲಿಗೆಗೆ ಹತ್ತಿಯ ದಾರವಾದರೆ ಎರಡು ಮಳೆಗಾಲಕ್ಕೆ ಕೊಳೆತೀತು. ನೈಲಾನ್ ಅಥವಾ ಪಾಲಿಯೆಸ್ಟರ್ ದಾರ ಕೇಳಿ. ಎರಡು ಸೂಜಿ ಹಿಡಿದು ಕೈಯಲ್ಲಿ ಹಾಕಿದ ಹೊಲಿಗೆಯಲ್ಲಿ ಒಂದು ಕಡೆ ದಾರ ಕಡಿದರೂ ಪಕ್ಕದ ಹೊಲಿಗೆ ನಿಲ್ಲುತ್ತದೆ. ಮೆಷಿನ್ ಹೊಲಿಗೆ ಬಿಚ್ಚಲು ಶುರುವಾದರೆ ಓಡುತ್ತದೆ.

ಟ್ರಿಗರ್ ಮುಚ್ಚಲಿ, ಬಾಯಿ ತೆರೆದಿರಲಿ

ಆಕಾರಗಳಿಗೆ ಲೆಕ್ಕವಿಲ್ಲದಷ್ಟು ಹೆಸರುಗಳಿವೆ. ನನ್ನ ಮಟ್ಟಿಗೆ ನೋಡಬೇಕಾದ್ದು ಎರಡೇ. ಟ್ರಿಗರಿನ ಬಳೆ ಪೂರ್ತಿ ಚರ್ಮದೊಳಗೆ ಮುಚ್ಚಿಹೋಗಬೇಕು, ಬೆರಳಾಗಲಿ ಅಂಗಿಯ ತುದಿಯಾಗಲಿ ಹೊರಗಿನಿಂದ ಟ್ರಿಗರನ್ನು ಮುಟ್ಟಬಾರದು. ಎರಡನೆಯದು, ರಿವಾಲ್ವರ್ ಎಳೆದ ಮೇಲೂ ಹೋಲ್‌ಸ್ಟರಿನ ಬಾಯಿ ತೆರೆದೇ ಇರಬೇಕು. ಬಾಯಿ ಕುಸಿದರೆ ವಾಪಸ್ ಹಾಕುವಾಗ ಇನ್ನೊಂದು ಕೈಯಿಂದ ಬಾಯಿ ಬಿಡಿಸಬೇಕು, ಆಗ ನಳಿಗೆ ಆ ಕೈಯ ಕಡೆಗೇ ತಿರುಗಿರುತ್ತದೆ. ಕುಸಿದ ಚರ್ಮದ ಮಡಿಕೆ ಟ್ರಿಗರಿನ ಬಳೆಯೊಳಗೆ ತೂರಿ, ತಳ್ಳಿದಾಗ ಬೆರಳಿನ ಕೆಲಸವನ್ನು ಅದೇ ಮಾಡಿ ಗುಂಡು ಹಾರಿದ ಪ್ರಕರಣಗಳು ನಿಜಕ್ಕೂ ಆಗಿವೆ. ಇದಕ್ಕೇ ಬಾಯಿಯ ಸುತ್ತ ಇನ್ನೊಂದು ಪಟ್ಟಿ ಚರ್ಮ ಹೊಲಿದು ಬಲ ಕೊಡುತ್ತಾರೆ. ಆ ಪಟ್ಟಿ ಇಲ್ಲದ್ದನ್ನು ಕೊಳ್ಳಬೇಡಿ.

ಹ್ಯಾಮರ್ ಹಿಂದಕ್ಕೆಳೆದ ರಿವಾಲ್ವರನ್ನು ಎಂದೂ ಹೋಲ್‌ಸ್ಟರಿಗೆ ಹಾಕಬಾರದು. ಇಳಿಸಿ ಹಾಕುವಾಗಲೂ ಹೆಬ್ಬೆರಳು ಹ್ಯಾಮರಿನ ಮೇಲಿರಲಿ. ಒಳಗೆ ಏನಾದರೂ ಟ್ರಿಗರಿಗೆ ಒತ್ತಿದರೆ ಹ್ಯಾಮರ್ ಹಿಂದಕ್ಕೆ ಏಳುವುದು ಹೆಬ್ಬೆರಳಿಗೆ ಮೊದಲು ಗೊತ್ತಾಗುತ್ತದೆ. ರಿವಾಲ್ವರಿನವರಿಗೆ ಇರುವ ದೊಡ್ಡ ಅನುಕೂಲ ಇದು, ಬಳಸಿಕೊಳ್ಳುವವರು ಕಡಿಮೆ.

ಮೇಲಿನ ಟಿಚ್ ಬಟನ್ ಪಟ್ಟಿ ಬೇಕೇ ಬೇಡವೇ? ತೋಟದಲ್ಲಿ ಬಗ್ಗಿ ಎದ್ದು ಓಡಾಡುವವರಿಗೆ, ಜೀಪು ಹತ್ತಿ ಇಳಿಯುವವರಿಗೆ ಬೇಕು. ಬಟನ್ನಿನ ಹಿಂಬದಿಯ ಲೋಹ ರಿವಾಲ್ವರಿಗೆ ಉಜ್ಜದಂತೆ ಒಂದು ಚೂರು ಚರ್ಮ ಮುಚ್ಚಿದೆಯೇ ಎಂದಷ್ಟು ನೋಡಿಕೊಳ್ಳಿ.

ಜೀಪಿನ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ಕಾರಿನಲ್ಲಿ ಹೆಚ್ಚು ಕೂರುವವರು ಎಡಸೊಂಟದಲ್ಲಿ ಅಡ್ಡಕ್ಕೆ ಕಟ್ಟಿಕೊಳ್ಳಿ ಎಂದು ಅಮೆರಿಕದವರು ಸಲಹೆ ಕೊಡುತ್ತಾರೆ. ಅವರಿಗೆ ಅದು ಸರಿ: ಸ್ಟೀರಿಂಗ್ ಎಡಗಡೆ, ಸೀಟ್ ಬೆಲ್ಟಿನ ಕೊಕ್ಕೆ ಬಂದು ಕೂರುವುದು ಡ್ರೈವರಿನ ಬಲಸೊಂಟದ ಪಕ್ಕ. ನಮ್ಮಲ್ಲಿ ಸ್ಟೀರಿಂಗ್ ಬಲಗಡೆ, ಕೊಕ್ಕೆ ಎಡಸೊಂಟಕ್ಕೆ. ಅವರ ಸಲಹೆ ಕೇಳಿದರೆ ರಿವಾಲ್ವರ್ ಸರಿಯಾಗಿ ಕೊಕ್ಕೆಗೇ ತಿಕ್ಕುತ್ತದೆ. ಬಲಗೈಯವರಾದರೆ ಇಲ್ಲಿ ಬಲಸೊಂಟವೇ ವಾಸಿ, ಬೆನ್ನಿನ ಕಡೆಗೆ ಕೊಂಚ ಸರಿದು, ಹಿಡಿ ಸ್ವಲ್ಪ ಮುಂದಕ್ಕೆ ಬಾಗಿ. ತೀರಾ ಬೆನ್ನ ನಡುವೆ ಬೇಡ. ಗದ್ದೆ ಬದುವಿನಲ್ಲಿ ಜಾರಿಬಿದ್ದರೆ ಬೆನ್ನುಮೂಳೆಯ ಕೆಳಗೆ ಉಕ್ಕಿನ ಗಟ್ಟಿ ಇರುತ್ತದೆ.

ಬೆನ್ನಿನ ಮೇಲೆ ಆಯುಧ ಹೊರುವುದು ಕೊಡಗಿಗೆ ಹೊಸದೇನಲ್ಲ, ಬಿಡಿ. ಕುಪ್ಯ ಎಂಬ ಕಪ್ಪು ನಿಲುವಂಗಿ ತೊಟ್ಟ ಕೊಡವರ ಒಡಿಕತ್ತಿ ಬೆನ್ನ ಹಿಂದೆ ತೋಡಂಗ್ ಎಂಬ ಲೋಹದ ಕೊಂಡಿಯಲ್ಲಿ ನಿಲ್ಲುತ್ತದೆ. ಅದಕ್ಕೆ ಒರೆ ಇಲ್ಲ, ಹಿಡಿತ ಮಾತ್ರ. ಸೊಂಟದ ಮುಂದಿನ ಪೀಚೆಕತ್ತಿಗೆ ಒರೆ ಇದೆ. ಯಾವ ಆಯುಧ ಎಲ್ಲಿ, ಹೇಗೆ ಕೂರಬೇಕೆಂದು ಯಾರೋ ತಲೆ ಓಡಿಸಿದ್ದರ ಫಲ ಅದು.

ಬೆಲ್ಟು ಮರೆತರೆ ಎಲ್ಲ ಮರೆತಂತೆ

ತೋಟೆ ತುಂಬಿದ ಪಾಯಿಂಟ್ 32 ರಿವಾಲ್ವರ್ ಮುಕ್ಕಾಲು ಕೆ.ಜಿ. ದಾಟುತ್ತದೆ. ಆಫೀಸಿಗೆ ಕಟ್ಟುವ ತೆಳು ಬೆಲ್ಟು ಇದರ ಭಾರಕ್ಕೆ ಹಗ್ಗದ ಹಾಗೆ ತಿರುಚಿಕೊಳ್ಳುತ್ತದೆ. ಆಮೇಲೆ ಹೋಲ್‌ಸ್ಟರಿನ ಮೇಲೆ ದೂರು. ಬೆಲ್ಟಿನ ಅಗಲ ಒಂದೂವರೆ ಇಂಚು ಇರಲಿ, ಎರಡು ಪದರದ್ದಾಗಿರಲಿ. ಹೋಲ್‌ಸ್ಟರಿನ ಸೀಳಿನಲ್ಲಿ ಅದು ಬಿಗಿಯಾಗಿ ತೂರಬೇಕು. ಸೀಳು ಒಂದೂ ಮುಕ್ಕಾಲು, ಬೆಲ್ಟು ಒಂದೂ ಕಾಲು ಇದ್ದರೆ ನಡೆದಾಗಲೆಲ್ಲ ಹೋಲ್‌ಸ್ಟರ್ ಮೇಲೆ ಕೆಳಗೆ ಕುಣಿಯುತ್ತದೆ.

ಭಾರಕ್ಕೆ ಭುಜದ ಪಟ್ಟಿ ಕೊಡುವ ಹೆಸರಾಂತ ಬೆಲ್ಟೊಂದು ಹುಟ್ಟಿದ್ದು ನಮ್ಮ ದೇಶದಲ್ಲೇ. ಪೊಲೀಸ್, ಮಿಲಿಟರಿ ಅಧಿಕಾರಿಗಳ ಎದೆಯ ಮೇಲೆ ಅಡ್ಡಲಾಗಿ ಹಾಯುವ ಕಂದು ಪಟ್ಟಿಯ ಸ್ಯಾಮ್ ಬ್ರೌನ್ ಬೆಲ್ಟಿಗೆ ಆ ಹೆಸರು ಬಂದದ್ದು ಬ್ರಿಟಿಷ್ ಅಧಿಕಾರಿ ಸ್ಯಾಮ್ ಬ್ರೌನ್‌ನಿಂದ. 1858ರಲ್ಲಿ ಪಿಲಿಭಿತ್ ಬಳಿಯ ಕಾಳಗದಲ್ಲಿ ಅವನ ಎಡಗೈ ಹೋಯಿತು. ಕತ್ತಿ ಎಳೆಯುವಾಗ ಒರೆಯನ್ನು ಹಿಡಿಯಲು ಎಡಗೈ ಬೇಕಲ್ಲ. ಅದಿಲ್ಲದವನು ಒರೆ ಅಲುಗದಂತೆ ಮಾಡಿಕೊಂಡ ವ್ಯವಸ್ಥೆ ಹಲವು ಸೈನ್ಯಗಳ ಸಮವಸ್ತ್ರದ ಭಾಗವಾಯಿತು. ಒಂದೇ ಕೈಯಲ್ಲಿ ಎಳೆದು ಒಂದೇ ಕೈಯಲ್ಲಿ ವಾಪಸ್ ಹಾಕುವಂತಿರಬೇಕು ಎಂದು ಇಂದೂ ಹೋಲ್‌ಸ್ಟರಿನ ಬಗ್ಗೆ ಹೇಳುವ ಮಾತು ಅವನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಊರಲ್ಲೇ ಮಾಡಿಸುವುದಾದರೆ

ಅಂಗಡಿಯದು ಹೊಂದದಿದ್ದರೆ ಮಾಡಿಸುವುದೇ ದಾರಿ. ಚಪ್ಪಲಿ ಹೊಲಿಯುವ ಕೈಗೆ ಇದು ಕಷ್ಟದ ಕೆಲಸವಲ್ಲ. ಆದರೆ ರಿವಾಲ್ವರನ್ನೇ ಅವರ ಕೈಗೆ ಕೊಟ್ಟು 'ನಾಳೆ ಬರುತ್ತೇನೆ' ಎಂದು ಬರುವಂತಿಲ್ಲ. ಪರವಾನಗಿ ಇಲ್ಲದವರ ವಶಕ್ಕೆ ಬಂದೂಕು ಕೊಡುವುದು ಅಪರಾಧ, ನಿಮಗೂ ಅವರಿಗೂ ತೊಂದರೆ. ಮನೆಯಲ್ಲಿ ಖಾಲಿ ಮಾಡಿ, ಆರೂ ಗೂಡು ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಎರಡು ಸಲ ನೋಡಿ, ದಪ್ಪ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯಿರಿ. ಸಿಲಿಂಡರಿನ ದಪ್ಪ, ನಳಿಗೆಯ ದಪ್ಪ, ಗುರಿಕಡ್ಡಿಯ ಎತ್ತರ ಅಳೆದು ಬರೆದಿಡಿ. ಆ ಅಳತೆಗೆ ಬಡಗಿಯಿಂದ ಒಂದು ಮರದ ಅಚ್ಚು ಕೆತ್ತಿಸಿದರೆ ಒದ್ದೆ ಚರ್ಮವನ್ನು ಅದರ ಮೇಲೆಯೇ ತೀಡಬಹುದು. ಶೂ ಮಾಡುವವರಿಗೆ ಅಚ್ಚಿನ ಮೇಲೆ ಕೆಲಸ ಹೊಸದಲ್ಲ. ರಂಪಿಗೆಯಿಂದ ಚರ್ಮ ಕತ್ತರಿಸುವ ಮೊದಲು ಮಾತ್ರ ಟ್ರಿಗರಿನ ಬಳೆ ಎಲ್ಲಿಗೆ ಬರುತ್ತದೆಂದು ಬೆರಳಿಟ್ಟು ತೋರಿಸಿ. ಅವರು ಚಂದ ಕಾಣಲೆಂದು ಅಲ್ಲಿ ಅರ್ಧಚಂದ್ರ ಕತ್ತರಿಸಿಬಿಡುವ ಸಾಧ್ಯತೆ ಇದೆ.

ಹೊಸ ಹೋಲ್‌ಸ್ಟರ್ ಬಿಗಿಯಾಗಿಯೇ ಇರುತ್ತದೆ, ಬಿಗಿಯಾಗಿಯೇ ಇರಬೇಕು. ಹಗುರ ಮಾಡಲು ಎಣ್ಣೆ ಸುರಿಯಬೇಡಿ, ನೀರಲ್ಲಿ ಅದ್ದಬೇಡಿ. ಖಾಲಿ ರಿವಾಲ್ವರಿಗೆ ತೆಳು ಪ್ಲಾಸ್ಟಿಕ್ ಕವರ್ ಒಂದೆರಡು ಸುತ್ತು ಸುತ್ತಿ ಒಳಗೆ ತಳ್ಳಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ತೆಗೆದರೆ ಪ್ಲಾಸ್ಟಿಕ್ಕಿನ ದಪ್ಪದಷ್ಟು ಸಡಿಲವಾಗಿರುತ್ತದೆ, ಸಾಕು. ಪರೀಕ್ಷೆ ಹೀಗೆ: ಮಂಚದ ಹಾಸಿಗೆಯ ಮೇಲೆ, ಖಾಲಿ ರಿವಾಲ್ವರ್ ಹಾಕಿದ ಹೋಲ್‌ಸ್ಟರನ್ನು ಪಟ್ಟಿ ಬಿಚ್ಚಿ ತಲೆಕೆಳಗೆ ಹಿಡಿದು ಮೆಲ್ಲಗೆ ಅಲುಗಿಸಿ. ಬೀಳಬಾರದು. ಆದರೆ ಹಿಡಿ ಹಿಡಿದು ಎಳೆದರೆ ಜಗ್ಗಾಟವಿಲ್ಲದೆ ಬರಬೇಕು.

ಮಳೆಗಾಲದ ಕೆಲಸ

ನೆನೆದು ಮನೆಗೆ ಬಂದಿರಿ. ಮೊದಲು ತೋಟೆ ಖಾಲಿ ಮಾಡಿ, ರಿವಾಲ್ವರ್ ಒರೆಸಿ ತೆಳುವಾಗಿ ಎಣ್ಣೆ ಹಚ್ಚಿ, ಬೀಗವಿರುವ ಕಡೆ ಇಡಿ. ತೋಟೆಗಳು ಬೇರೆ ಡಬ್ಬಿಯಲ್ಲಿ, ಚರ್ಮದ ಕುಣಿಕೆಯಲ್ಲಲ್ಲ. ಹೋಲ್‌ಸ್ಟರನ್ನು ಒಣ ಬಟ್ಟೆಯಿಂದ ಒತ್ತಿ ನೀರು ತೆಗೆದು, ನೆರಳಲ್ಲಿ ಗಾಳಿಯಾಡುವ ಕಡೆ ನೇತುಹಾಕಿ.

ಇಲ್ಲಿ ಮಲೆನಾಡಿನ ಕೈ ತಾನಾಗಿಯೇ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಬೆಲ್ಲ, ಮೆಣಸು, ಕಂಬಳಿ ಎಲ್ಲವೂ ಅಲ್ಲೇ ಒಣಗುತ್ತವೆ, ನಿಜ. ಚರ್ಮ ಮಾತ್ರ ಬೇಡ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ನಾರುಗಳು ಕುಗ್ಗಿ ಸುರುಟಿಕೊಳ್ಳುತ್ತವೆ, ಆಮೇಲೆ ಯಾವ ಎಣ್ಣೆಗೂ ಅದು ಬಗ್ಗುವುದಿಲ್ಲ. ಸಣ್ಣ ಬಿಸಿಲು ಕಂಡಿತೆಂದು ಕಾಫಿ ಕಣದಲ್ಲಿ ಹರಡುವುದೂ ಅಷ್ಟೇ. ಫ್ಯಾನಿನ ಗಾಳಿ ಸಾಕು, ಒಂದೆರಡು ದಿನ ಹಿಡಿದರೂ ಹಿಡಿಯಲಿ.

ಬೂಷ್ಟು ಬಂದರೆ ಮನೆಯ ಹೊರಗೆ ಒಣ ಬ್ರಷ್ಷಿನಿಂದ ಝಾಡಿಸಿ, ನೀರು ಬೆರೆಸಿದ ಬಿಳಿ ವಿನಿಗರ್ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಮತ್ತೆ ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಹೊರಮೈಗೆ ಮಾತ್ರ ಜೇನುಮೇಣವಿರುವ ಪಾಲಿಷ್ ತೆಳುವಾಗಿ. ಒಳಗೆ ಏನೂ ಬೇಡ. ಅಲ್ಲಿ ಹಚ್ಚಿದ್ದೆಲ್ಲ ಧೂಳು ಹಿಡಿದು ಅಂಟಾಗುತ್ತದೆ. ಒಳಗಿನ ಧೂಳನ್ನು ಬ್ರಷ್ಷಿನಿಂದ ಆಗಾಗ ಕೊಡವಿದರೆ ಸಾಕು.

ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹಳೆ ಚಪ್ಪಲಿಗೆ ಹಚ್ಚಿ ಮೆತ್ತಗಾದದ್ದು ಎಲ್ಲರೂ ಕಂಡಿದ್ದಾರಲ್ಲ! ಚಪ್ಪಲಿ ಮೆತ್ತಗಾಗಬೇಕು, ಹೋಲ್‌ಸ್ಟರ್ ಆಗಬಾರದು. ಆಕಾರ ಹಿಡಿದಿರುವುದೇ ಅದರ ಕೆಲಸ. ಎಣ್ಣೆ ಯಾವುದೇ ಇರಲಿ, ಚರ್ಮ ಸಡಿಲಾಗಿ ಬಾಯಿ ಕುಸಿಯುತ್ತದೆ. ಮೇಲಾಗಿ ಕೊಬ್ಬರಿ ಎಣ್ಣೆ ಕಮಟು ಹಿಡಿಯುತ್ತದೆ.

ಚುನಾವಣೆ ಬಂದಾಗ ಕೋವಿ, ರಿವಾಲ್ವರುಗಳನ್ನು ಠಾಣೆಯಲ್ಲಿ ಜಮಾ ಮಾಡಿ ಎಂಬ ಸೂಚನೆ ಬರುವುದುಂಟು. ಎಷ್ಟೋ ಜನ ಹೋಲ್‌ಸ್ಟರ್ ಸಮೇತ ಕೊಟ್ಟು ಬರುತ್ತಾರೆ, ವಾರಗಟ್ಟಲೆ ಹಾಗೇ ಇರುತ್ತದೆ. ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿ ರಿವಾಲ್ವರ್ ಮಾತ್ರ ಕೊಡಿ, ರಸೀದಿ ತೆಗೆದುಕೊಳ್ಳಿ, ಹೋಲ್‌ಸ್ಟರ್ ಮನೆಯ ಮೊಳೆಗೆ ನೇತಾಡಲಿ.

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ ಮೊದಲ ವಾರದಲ್ಲಿ, ಮಳೆಯ ಜೋರು ಇಳಿಯುವ ಹೊತ್ತಿಗೆ. ಆಯುಧಗಳನ್ನೆಲ್ಲ ಹೊರತೆಗೆದು ಒರೆಸಿ, ಪೂಜೆಗಿಟ್ಟು, ಕೋವಿಯ ನಳಿಗೆಗೆ ತೋಕ್ ಪೂವು ಎಂಬ ಹೂ ಸಿಕ್ಕಿಸುವ ದಿನ. ನಂಬಿಕೆ ಒಂದು ಕಡೆಗಿರಲಿ, ಉಕ್ಕನ್ನೂ ಚರ್ಮವನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ದಿನ ಪಂಚಾಂಗದಲ್ಲಿಲ್ಲ. ಅಂದು ಹೋಲ್‌ಸ್ಟರಿನ ಬಾಯಿ ಒತ್ತಿ ನೋಡಿ: ಒಳಕ್ಕೆ ಮಡಿಚುತ್ತಿದೆಯೇ? ಬೆಲ್ಟಿನ ಸೀಳಿನ ಮೂಲೆಗಳಲ್ಲಿ ಬಿರುಕಿದೆಯೇ? ಟಿಚ್ ಬಟನ್ ತಾನಾಗಿ ಬಿಚ್ಚುತ್ತಿದೆಯೇ? ಬಟನ್, ಹೊಲಿಗೆ ರಿಪೇರಿಯಾಗುತ್ತದೆ. ಬಾಯಿ ಮಡಿಚಿದ್ದು, ಸೀಳು ಹರಿದದ್ದು ಆಗುವುದಿಲ್ಲ. ಎಸೆಯಿರಿ.

ದೊಡ್ಡಪ್ಪನದು ಎಸೆಯುವ ಜಾತಿಗೇ ಸೇರಿತು. ಒಣಗಿದ ಮೇಲೆ ಹಪ್ಪಳದ ಹಾಗೆ ಗಟ್ಟಿಯಾಗಿ ಬಾಯಿ ಒಳಕ್ಕೆ ಸುರುಟಿತ್ತು. ಎಸೆಯುವ ಮೊದಲು ಒಳಗೇನಾಗಿದೆ ನೋಡೋಣವೆಂದು ಹೊಲಿಗೆಯುದ್ದಕ್ಕೂ ರಂಪಿಗೆ ಹಾಕಿ ಸೀಳಿ ಎರಡು ಹೋಳು ಮಾಡಿದೆ. ಕಂದು ಚರ್ಮದ ಒಳಮೈಯಲ್ಲಿ ರಿವಾಲ್ವರಿನ ಚಿತ್ರ ಕಪ್ಪಗೆ ಮೂಡಿತ್ತು: ನಳಿಗೆ, ಸಿಲಿಂಡರಿನ ಗೀರುಗಳು, ಟ್ರಿಗರಿನ ಬಳೆ. ಉಕ್ಕಿನಿಂದ ಎದ್ದ ತುಕ್ಕು ಚರ್ಮದ ತೊಗಟೆ ರಸಕ್ಕೆ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಲವಣ) ಬೆರೆಸಿ ಶಾಯಿ ಕಾಯಿಸುತ್ತಿದ್ದುದೂ ಇದೇ ಲೆಕ್ಕದಲ್ಲಿ. ದೊಡ್ಡಪ್ಪ ಎರಡೂ ಹೋಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಒಂದನ್ನು ತಮ್ಮ ಹಳೆಯ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡರು.